ಮೂಗಿಗೆ ಒಂದಿಂಚು ದೂರ

ನ್ಯೂವಾರ್ಕ್

ಅಮೆರಿಕಕ್ಕೆ ಯಾಕೆ ಬಂದಿದ್ದೀ ಎಂದು ಕೇಳಿದರೆ 'ಟೂರಿಸಂ' ಎನ್ನಬೇಕು, ಅದರ ಮೇಲೆ ಒಂದಕ್ಷರ ಆಡಬಾರದು ಎಂದು ಮೈಸೂರಿನಲ್ಲಿ ಸಿಕ್ಕವರೆಲ್ಲ ಬುದ್ಧಿ ಹೇಳಿ ಕಳಿಸಿದ್ದರು. ಆದರೆ ಇಪ್ಪತ್ತು ಚಿಲ್ಲರೆ ಗಂಟೆ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತು ಬಂದವನ ತಲೆಯಲ್ಲಿ ಬುದ್ಧಿ ಉಳಿದಿರುವುದಿಲ್ಲ. ಗಾಜಿನ ಹಿಂದಿದ್ದ ಅಧಿಕಾರಿ ಕೇಳಿದ ತಕ್ಷಣ, ಗೆಳೆಯನ ಜೊತೆ ಫೈಟ್ ಮಾಡುವುದಕ್ಕೆ ಬಂದಿದ್ದೇನೆ ಎಂದುಬಿಟ್ಟೆ.

ಅವನು ತಲೆಯೆತ್ತಿ ನೋಡಿದ. ನನಗೆ ಐವತ್ಮೂರು ವರ್ಷ, ಬೈಫೋಕಲ್ ಕನ್ನಡಕ, ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟರಿಗೆ ಶೋಭಿಸದಷ್ಟು ಹೊಟ್ಟೆ. ಎಂಥ ಫೈಟ್ ಎಂದ. ಕರಾಟೆ ಎಂದೆ. ಯಾರು ಗೆಲ್ಲುತ್ತಾರೆ ಎಂದು ಕೇಳಿದ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ನಾನೋ, ಗೆಳೆಯನ ಕರಾಟೆಯಲ್ಲಿ ಕೈಯಿಂದ ಮುಖಕ್ಕೆ ಹೊಡೆಯಬಾರದೆಂಬ ನಿಯಮವಿದೆ, ಹಾಗಾಗಿ ಅದನ್ನು ಫೈಟ್ ಎನ್ನಲು ಬರುವುದಿಲ್ಲ ಎಂದು ಪಾಠ ಶುರುಮಾಡಿದೆ. ಅವನು ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿ, ಒಂದು ಚೀಟಿ ಕೊಟ್ಟು, ಸಾಮಾನು ಬಿಚ್ಚಿ ನೋಡುವ ಸಾಲಿಗೆ ನನ್ನನ್ನು ಕಳಿಸಿದ.

ಅಲ್ಲಿದ್ದ ಹೆಂಗಸು ಕೈಗೆ ನೀಲಿ ಗವಸು ಹಾಕಿಕೊಂಡು ಪೆಟ್ಟಿಗೆ ತೆರೆದಳು. ಬಿಳಿ ಉಡುಪು ಬಂತು, ಕಪ್ಪು ಬೆಲ್ಟು ಬಂತು. ಆಮೇಲೆ, ಗಂಡಸರು ಒದೆ ಬೀಳಬಾರದ ಜಾಗಕ್ಕೆ ಒಳಗಡೆ ಕಟ್ಟಿಕೊಳ್ಳುತ್ತಾರಲ್ಲ, ಆ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು ಬಂತು. ಹೊಚ್ಚ ಹೊಸದು. ಅದರೊಳಗೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೈಸೂರು ಪಾಕ್ ಅಚ್ಚುಕಟ್ಟಾಗಿ ಕೂತಿತ್ತು. ಪುಡಿಯಾಗಬಾರದೆಂದು ನನ್ನ ಹೆಂಡತಿ ಸುಮಾ ಮನೆಯಲ್ಲಿ ಇದ್ದದ್ದರಲ್ಲೇ ಗಟ್ಟಿಯಾದ ಡಬ್ಬಿ ಹುಡುಕಿದ್ದಳು. ಅದೇನೆಂದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಅಧಿಕಾರಿಣಿಗೆ ಮಾತ್ರ ಅದೇನೆಂದು ಚೆನ್ನಾಗಿ ಗೊತ್ತಿತ್ತು. ಬಟ್ಟಲನ್ನೊಮ್ಮೆ, ಸಿಹಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಎರಡನ್ನೂ ಮೊದಲಿದ್ದ ಹಾಗೇ ಇಟ್ಟು, 'ಎಂಜಾಯ್ ಯುವರ್ ಸ್ಟೇ' ಎಂದಳು.

ಕೆಂಡಲ್ ಪಾರ್ಕ್

ಹೊರಗೆ ನಯಾಜ್ ಕಾರು ತಂದು ನಿಂತಿದ್ದ. ಅವನು ಮಂಡಿ ಮೊಹಲ್ಲಾದವನು, ನಾನು ಅಗ್ರಹಾರದವನು. ಇಬ್ಬರೂ ಹದಿನಾಲ್ಕನೇ ವಯಸ್ಸಿನಲ್ಲಿ ಒಂದೇ ಮೇಷ್ಟರ ಹತ್ತಿರ ಕರಾಟೆಗೆ ಸೇರಿದೆವು. ಆ ಮೇಷ್ಟರು ತಗಡಿನ ಶೆಡ್ಡಿನ ತೊಲೆಗೆ ದಾರ ಕಟ್ಟಿ ಒಂದು ನಿಂಬೆಹಣ್ಣು ಇಳಿಬಿಡುತ್ತಿದ್ದರು. ಪೂರ್ತಿ ಬಲ ಹಾಕಿ ಗುದ್ದಬೇಕು, ನಿಂಬೆಹಣ್ಣು ಅಲುಗಬಾರದು. ಒಂದಿಂಚು ಮೊದಲು ಮುಷ್ಟಿ ನಿಲ್ಲಬೇಕು. ನಯಾಜ್ ಹೊಡೆದರೆ ನಿಂಬೆಹಣ್ಣು ಹೋಗಿ ತಗಡಿಗೆ ಬಡಿಯುತ್ತಿತ್ತು. ನಾನು ಹೊಡೆದರೆ ಅದಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಈ ನಿಂಬೆಹಣ್ಣಿನಿಂದಲೇ ನಮ್ಮ ದಾರಿ ಬೇರೆಯಾಯಿತು. ನನ್ನದು ಮುಟ್ಟುವ ಮೊದಲೇ ನಿಲ್ಲಿಸುವ ಕರಾಟೆ. ಎದುರಾಳಿಯ ಮುಖದ ಹತ್ತಿರ ಮುಷ್ಟಿ ಹೋಗಿ ನಿಂತರೆ ರೆಫ್ರಿ ನಿಲ್ಲಿಸೆಂದು ಕೂಗುತ್ತಾನೆ, ಬಾವುಟ ಎತ್ತುತ್ತಾನೆ, ಒಂದು ಪಾಯಿಂಟು. ನಯಾಜ್ ಅಮೆರಿಕಕ್ಕೆ ಬಂದು ಸೇರಿದ್ದು ಫುಲ್ ಕಾಂಟ್ಯಾಕ್ಟ್ ಕರಾಟೆ. ಅಲ್ಲಿ ಕೈಗೆ ಗವಸಿಲ್ಲ, ಎದೆಗೆ ಕವಚವಿಲ್ಲ. ಎದೆ, ಹೊಟ್ಟೆ, ಪಕ್ಕೆ, ತೊಡೆ, ಎಲ್ಲಿ ಬೇಕಾದರೂ ನಿಜವಾಗಿಯೇ ಹೊಡೆಯಬಹುದು. ತಲೆಗೆ ಒದೆಯಲೂಬಹುದು. ಆದರೆ ಮುಖಕ್ಕೆ ಕೈ ಹೋಗಬಾರದು. ಪ್ರತಿ ಭಾನುವಾರ ಫೋನಿನಲ್ಲಿ ಕುಶಲ ವಿಚಾರಿಸಿ ಮುಗಿದ ಮೇಲೆ ನಮ್ಮದು ಇದೇ ಜಗಳ. ಮೈಸೂರಿನಲ್ಲಿ ಯಾವ ಬೀದಿಜಗಳ ಕೆನ್ನೆಯಿಂದ ಶುರುವಾಗದೆ ತೊಡೆಯಿಂದ ಶುರುವಾಗಿದೆ ತೋರಿಸು ಎಂದು ನಾನು. ಬೀದಿಯಲ್ಲಿ ಒಂದೇಟು ಬಿದ್ದ ಮೇಲೆ ನಿಲ್ಲಿಸು ಅನ್ನೋಕೆ ನಿಮ್ಮಪ್ಪ ಬಾವುಟ ಹಿಡ್ಕೊಂಡು ನಿಂತಿರ್ತಾನಾ ಎಂದು ಅವನು. ನನ್ನದನ್ನು ಅವನು ಭರತನಾಟ್ಯ ಎನ್ನುತ್ತಿದ್ದ, ಅವನದನ್ನು ನಾನು ಹಿಟ್ಟು ಕುಟ್ಟುವುದು ಎನ್ನುತ್ತಿದ್ದೆ.

ಈ ಸಲ ಅವನು ಕರೆಸಿಕೊಂಡದ್ದು ಜಗಳಕ್ಕಲ್ಲ, ಪರೀಕ್ಷೆಗೆ. ಅವನ ಡೋಜೋ, ಅಂದರೆ ಕರಾಟೆ ಶಾಲೆ, ನಡೆಸುತ್ತಿರುವವರು ಸ್ಟಾನ್ ಎಂಬ ಪೋಲೆಂಡ್ ಮೂಲದ ಎಪ್ಪತ್ತರ ಮುದುಕರು. ಪ್ಲಂಬಿಂಗ್ ಕೆಲಸದಿಂದ ನಿವೃತ್ತರು. ಎಲ್ಲರೂ ಅವರನ್ನು ಶಿಹಾನ್, ದೊಡ್ಡ ಗುರು, ಎನ್ನುತ್ತಾರೆ. ಬರುವ ಜುಲೈನಲ್ಲಿ ಅವರು ಹೆಂಡತಿಯ ಜೊತೆ ಫ್ಲೋರಿಡಾಕ್ಕೆ ಹೋಗಿ ನೆಲೆಸುವವರಿದ್ದರು. ಶಾಲೆಯನ್ನು ನಯಾಜ್‌ಗೆ ಬಿಟ್ಟುಹೋಗುವುದು ಅವರ ಆಸೆ. ಆದರೆ ಹತ್ತು ಜನರ ಎದುರು ಒಬ್ಬೊಬ್ಬರ ಜೊತೆ ಒಂದೂವರೆ ನಿಮಿಷ, ಸಾಲಾಗಿ ಹೊಡೆದಾಡಿ ನಿಂತವನೇ ಗುರುವಿನ ಜಾಗಕ್ಕೆ ಬರಬೇಕೆಂದು ಅಲ್ಲಿಯ ಕಟ್ಟಳೆ. ಎರಡು ವರ್ಷದ ಹಿಂದೆ ನಯಾಜ್ ಏಳನೆಯವನ ಎದುರು ಮಂಡಿ ಉಳುಕಿ ಬಿದ್ದಿದ್ದ. ಈ ಸಲವೂ ಬಿದ್ದರೆ ಶಾಲೆಗೆ ಬೀಗ. ಕಟ್ಟಡದ ಯಜಮಾನ ಆಗಲೇ ಒಂದು ಬಬಲ್ ಟೀ ಅಂಗಡಿಯವರ ಜೊತೆ ಮಾತಾಡಿಟ್ಟಿದ್ದ. ಇಪ್ಪತ್ತೆರಡು ವರ್ಷ, ಆಫೀಸಿನಿಂದ ರೂಟ್ ಒನ್ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬಂದು ನೇರ ಅಲ್ಲಿಗೇ ಹೋಗುತ್ತಿದ್ದವನು ನಯಾಜ್. ಆ ಜಾಗಕ್ಕೆ ಮರಗೆಣಸಿನ ಗುಳಿಗೆ ತೇಲಿಸಿದ ಚಹಾ ಬರುತ್ತದೆ ಎಂದು ಹೇಳುವಾಗ ಅವನ ಮುಖ ನೋಡಲಾಗಲಿಲ್ಲ.

ನನ್ನ ಪಾತ್ರ ಇಷ್ಟು. ಮೊದಲ ಒಂಬತ್ತು ಜನರನ್ನು ಶಿಹಾನ್ ಆರಿಸುತ್ತಾರೆ. ಹತ್ತನೆಯವನನ್ನು ಪರೀಕ್ಷೆಗೆ ಕೂತವನೇ ಆರಿಸಬೇಕು. ತನಗೆ ಖಂಡಿತ ರಿಯಾಯಿತಿ ತೋರಿಸದವನು ಎಂದು ಯಾರ ಮೇಲೆ ನಂಬಿಕೆಯೋ ಅವನನ್ನು. ನಯಾಜ್ ಎಂಟು ಸಾವಿರ ಮೈಲಿ ಆಚೆಯಿಂದ ನನ್ನನ್ನು ಕರೆಸಿದ್ದ. ನನಗೆ ಹೆಮ್ಮೆಯಾಯಿತು, ಕರುಣೆಯಿಲ್ಲದವನು ಎಂದರೆ ನಾನೇ ನೆನಪಾದೆನಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು.

ಅವನ ಹೆಂಡತಿ ತಬಸ್ಸುಮ್ ಬೆಂಗಳೂರಿನ ಶಿವಾಜಿನಗರದವಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಯಾಜ್ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು. ಮಂಡಿಯ ಸ್ಕ್ಯಾನ್ ತೋರಿಸಿದಳು. ನನಗೆ ಅದರಲ್ಲಿ ಮೋಡವಲ್ಲದೆ ಏನೂ ಕಾಣಲಿಲ್ಲ.

"ಮಂಜಣ್ಣ, ಒಂಬತ್ತು ಜನಕ್ಕೆ ನಾನೇನೂ ಹೇಳಕ್ಕಾಗಲ್ಲ. ನೀವೊಬ್ರು ಸ್ವಲ್ಪ ಮೆತ್ತಗೆ ಹೊಡೀರಿ. ಇವ್ರಿಗೆ ಗೊತ್ತಾಗ್ಬಾರ್ದು," ಎಂದಳು.

ಆಗಲಿ ಎಂದು ಮಾತು ಕೊಟ್ಟೆ. ಅವಳು ತಟ್ಟೆಯಲ್ಲಿ ಮೈಸೂರು ಪಾಕ್ ಇಟ್ಟುಕೊಂಡು ತಿನ್ನುತ್ತಿದ್ದಳು, ಇಷ್ಟು ದೂರ ಬಂದರೂ ಒಂದು ಚೂರೂ ಮುರಿದಿಲ್ಲವಲ್ಲ, ಸುಮಕ್ಕ ಹೇಗೆ ಪ್ಯಾಕ್ ಮಾಡಿದರು ಎಂದು ಆಶ್ಚರ್ಯಪಟ್ಟಳು. ನಾನು ಕಿಟಕಿಯಾಚೆ ಅಳಿಲು ನೋಡತೊಡಗಿದೆ. ಸಂಜೆ ನಯಾಜ್ ಕಾರಿನಲ್ಲಿ ಹೇಳಿದ, ಲೋ ಮಂಜ, ತಬಸ್ಸುಮ್ ಏನಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡ, ನೀನು ಬಿಟ್ಟುಕೊಟ್ಟೆ ಅಂತ ಗೊತ್ತಾದ್ರೆ ನಾನು ಪರೀಕ್ಷೆನೇ ಒಪ್ಪಲ್ಲ. ಅವನಿಗೂ ಆಗಲಿ ಎಂದು ಮಾತು ಕೊಟ್ಟೆ.

ಪ್ಲೇನ್ಸ್‌ಬರೋ

ನಯಾಜ್‌ನ ಮಂಡಿಗೆ ಟಾರು ರಸ್ತೆ ಆಗದು. ಹಾಗಾಗಿ ಬೆಳಿಗ್ಗೆ ಪ್ಲೇನ್ಸ್‌ಬರೋದ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಕೊಳದ ಸುತ್ತ ಹುಲ್ಲಿನ ಮೇಲೆ ಓಡುತ್ತಿದ್ದೆವು. ಅಲ್ಲಿ ಕಣ್ಣುಮುಚ್ಚಿ ನಡೆದರೆ ಮೈಸೂರಿನ ಸರಸ್ವತಿಪುರಂ ಎಂದೇ ಅನ್ನಿಸುತ್ತದೆ. ಒಗ್ಗರಣೆ ವಾಸನೆ, ಶಾಲಾ ಬಸ್ಸಿಗೆ ನಿಂತ ಮಕ್ಕಳ ತಾಯಂದಿರು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ ಮಾತ್ರ ಇಲ್ಲ. ಹೊರಗೆ ಬಟ್ಟೆ ಒಣಗಹಾಕುವುದು ಇಲ್ಲಿ ತಪ್ಪಂತೆ. ಇಷ್ಟು ಬಿಸಿಲು ಪುಕ್ಕಟೆ ಬಿದ್ದಿರುವಾಗ ಒಗೆದ ಬಟ್ಟೆಯನ್ನು ಕರೆಂಟಿನಲ್ಲಿ ಹುರಿಯುವ ದೇಶ ಇದು.

ಅಂದು ನಮ್ಮ ಚರ್ಚೆ ಜೋರಾಗಿತ್ತು. ನಿಜವಾದ ಜಗಳದಲ್ಲಿ ದೂರ ಎಷ್ಟಿರುತ್ತದೆ ಎಂಬುದು ವಿಷಯ. ಒಂದು ಮಾರು ದೂರ ಇಟ್ಟುಕೊಂಡವನೇ ಬದುಕುತ್ತಾನೆ ಎಂದು ನಾನು, ಎದೆಗೆ ಎದೆ ಕೊಟ್ಟು ನುಗ್ಗುವುದೇ ದಾರಿ ಎಂದು ಅವನು. ಹೊಡೆತ ಬರುತ್ತಿದ್ದರೆ ಹಿಂದೆ ಸರಿಯಬಾರದು, ಒಳಗೇ ಹೋಗಬೇಕು, ಆಗ ಅದರ ಬಲ ಸಾಯುತ್ತದೆ ಎಂದು ಹುಲ್ಲಿನ ಮೇಲೆ ಹೆಜ್ಜೆ ಹಾಕಿ ತೋರಿಸಿದ. ತೋರಿಸುತ್ತಾ ತೋರಿಸುತ್ತಾ ಒಂದು ಹೆಬ್ಬಾತಿನ ಗೂಡಿನ ಹತ್ತಿರ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಗಂಡು ಹೆಬ್ಬಾತು ಕತ್ತು ನೆಲಕ್ಕೆ ಚಾಚಿ ಬುಸುಗುಟ್ಟಿಕೊಂಡು ಬಂತು. ನಾನು ಒಂದು ಮಾರು ದೂರ ಇಟ್ಟುಕೊಳ್ಳಲು ನೋಡಿದೆ. ಅದಕ್ಕೆ ದೂರ ಒಪ್ಪಿಗೆಯಿರಲಿಲ್ಲ. ನಯಾಜ್ ಎದೆ ಕೊಟ್ಟು ಒಳಗೆ ನುಗ್ಗಲು ನೋಡಿದ. ಅದು ರೆಕ್ಕೆಯಿಂದ ಅವನ ಮೊಣಕಾಲಿಗೆ, ಕೊಕ್ಕಿನಿಂದ ನನ್ನ ಪೃಷ್ಠಕ್ಕೆ, ಎರಡೂ ಶೈಲಿಗಳಿಗೆ ಸಮಾನ ನ್ಯಾಯ ಕೊಟ್ಟಿತು. ಇಬ್ಬರು ಕಪ್ಪು ಬೆಲ್ಟಿನವರು ಕಾರಿನವರೆಗೆ ಓಡಿದೆವು. ಬಸ್ಸಿಗೆ ನಿಂತಿದ್ದ ಒಬ್ಬ ತಾಯಿ, ಅಂಕಲ್, ಈ ಸೀಸನ್ನಲ್ಲಿ ಆ ಕಡೆ ಹೋಗ್ಬಾರ್ದು, ಅದು ಮೊಟ್ಟೆ ಇಟ್ಟಿದೆ ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತ ಮೇಲೆ, ಅದು ರೂಲ್ಸ್ ಇಲ್ಲದ ಫೈಟ್ ಕಣೋ ಎಂದು ನಯಾಜ್ ಸಮಾಧಾನ ಹೇಳಿದ. ಅಂದಿನ ಮಟ್ಟಿಗೆ ಚರ್ಚೆ ಅಲ್ಲಿಗೆ ನಿಂತಿತು.

ರೂಟ್ ಟ್ವೆಂಟಿಸೆವೆನ್, ಡೋಜೋ

ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಪಿಜ್ಜಾ ಅಂಗಡಿ, ನಡುವೆ ಕರಾಟೆ. ಒಳಗೆ ಹೋದರೆ ಸೋಪು, ಚೀಸು ಮತ್ತು ಬೆವರಿನ ವಾಸನೆ ಒಟ್ಟಿಗೆ ಬರುತ್ತದೆ. ನನ್ನ ಕ್ಲಾಸು ಮೈಸೂರಿನಲ್ಲಿ ಕಲ್ಯಾಣ ಮಂಟಪದಲ್ಲಿ ನಡೆಯುತ್ತದೆ. ಲಗ್ನದ ಋತುವಿನಲ್ಲಿ ಕರಾಟೆಗೆ ರಜೆ. ಹಾಗಾಗಿ ವಾಸನೆಯ ವಿಷಯದಲ್ಲಿ ನಾನು ದೂರುವಂತಿಲ್ಲ.

ಮೊದಲು ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ನಾಲ್ಕು ಪುಟ. ಕೈ ಮುರಿದರೆ, ಹಲ್ಲು ಹೋದರೆ, ಪ್ರಾಣವೇ ಹೋದರೆ ಯಾರೂ ಹೊಣೆಯಲ್ಲ ಎಂದು ಪ್ರತಿಯೊಂದು ಅಂಗಕ್ಕೂ ಬೇರೆ ಬೇರೆ ಸಾಲು. ನಮ್ಮಲ್ಲಿ ಟೂರ್ನಮೆಂಟಿಗೆ ಮುಂಚೆ ಮುಖ್ಯ ಅತಿಥಿ ಬರಬೇಕು, ಅವರು ತಡವಾಗಿ ಬರಬೇಕು, ದೀಪ ಹಚ್ಚಬೇಕು, ಯುವಕರೇ ದೇಶದ ಆಸ್ತಿ ಎನ್ನಬೇಕು, ಹಣ್ಣಿನ ಬುಟ್ಟಿ ತಗೊಂಡು ಫೈಟ್ ನೋಡದೆ ಹೋಗಬೇಕು. ಇಲ್ಲಿ ಸಾವಿನ ಫಾರಂ ಒಂದೇ ಉದ್ಘಾಟನೆ.

ಇನ್ನೊಂದು ಸೋಜಿಗ ಇವರ ಮರ್ಯಾದೆ. ಅಕೌಂಟೆಂಟ್ ಆಗಿರುವ ಕ್ಯಾರನ್ ಎಂಬ ಹೆಂಗಸಿನ ಜೊತೆ ನನಗೆ ಮೊದಲ ಅಭ್ಯಾಸ. ಬಗ್ಗಿ ನಮಸ್ಕಾರ ಮಾಡಿದಳು. ನಾನು ನನ್ನ ಎಂದಿನ ಲಾಲಿತ್ಯದಿಂದ ಆಚೆಗೊಮ್ಮೆ ಈಚೆಗೊಮ್ಮೆ ಕುಪ್ಪಳಿಸುತ್ತಾ ಅವಳ ಎದೆಯ ಮುಂದೆ ಮುಷ್ಟಿ ನಿಲ್ಲಿಸಿದೆ. ಅವಳು ಆ ಮುಷ್ಟಿಯನ್ನು ನೋಡಿದಳು, ಇದು ಯಾಕೆ ಅರ್ಧ ದಾರಿಯಲ್ಲಿ ನಿಂತಿದೆ ಎನ್ನುವ ಹಾಗೆ. ಆಮೇಲೆ ನನ್ನ ಎಡತೊಡೆಗೆ ಒದ್ದಳು. ತೊಡೆ ಎಂಬ ಅಂಗ ನನಗಿದೆ ಎಂದು ಐವತ್ಮೂರು ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ಯಾರೂ ತಿಳಿಸಿರಲಿಲ್ಲ. 'ಗುಡ್ ಜಾಬ್' ಎಂದಳು. ಬಿದ್ದದ್ದಕ್ಕೆ ಗುಡ್ ಜಾಬ್, ಎದ್ದದ್ದಕ್ಕೆ ಇನ್ನೊಂದು ಗುಡ್ ಜಾಬ್. ಅವರಲ್ಲಿ 'ಒಸ್' ಎಂದೊಂದು ಮಾತಿದೆ. ಹೂಂ, ನಮಸ್ಕಾರ, ಥ್ಯಾಂಕ್ಸ್, ಅಯ್ಯಪ್ಪಾ ನೋವು, ನಾಲ್ಕಕ್ಕೂ ಅದೊಂದೇ. ನಾನು ನಾಲ್ಕನೆಯ ಅರ್ಥದಲ್ಲಿ ಒಸ್ ಎಂದೆ.

ಆದರೆ ಊರಿನ ಟೂರ್ನಮೆಂಟುಗಳಲ್ಲಿ ರೆಫ್ರಿಯಾಗಿ ಪಳಗಿದ ಕಣ್ಣು ನನ್ನದು, ಸುಮ್ಮನಿರುವುದಿಲ್ಲ. ಮೂರು ದಿನ ಮೂಲೆಯಲ್ಲಿ ಐಸ್ ಚೀಲ ಒತ್ತಿಕೊಂಡು ನೋಡಿದೆ. ಇವರ ಕೈ ಎದೆಯ ಮಟ್ಟಕ್ಕಿಂತ ಮೇಲೆ ಬರುವುದೇ ಇಲ್ಲ. ಗದ್ದ, ಮೂಗು, ಕಣ್ಣು ಎಲ್ಲ ಬಾಗಿಲು ತೆಗೆದಿಟ್ಟ ಹಾಗೆ. ಮುಖಕ್ಕೆ ಕೈ ಬರುವುದಿಲ್ಲ ಎಂದು ಗೊತ್ತಿರುವುದರಿಂದ ಹಣೆಗೆ ಹಣೆ ತಾಗುವಷ್ಟು ಹತ್ತಿರ ಹೋಗಿ ಕುಟ್ಟುತ್ತಾರೆ. ನಯಾಜ್ ಅಂತೂ ಎಲ್ಲರಿಗಿಂತ ಮುಂದೆ. ಶಿಹಾನ್ ಹತ್ತಿರ ಹೇಳಿದೆ, ಬೀದಿಯಲ್ಲಿ ಒಬ್ಬ ಪುಂಡ ಸಿಕ್ಕರೆ ಮೊದಲನೇ ಏಟಿಗೇ ಇವರ ಕಥೆ ಮುಗಿಯಿತು ಎಂದು. ಮುದುಕರು ಕೋಪ ಮಾಡಿಕೊಳ್ಳಲಿಲ್ಲ. ತಾವು ಪ್ಲಂಬರ್ ಆಗಿದ್ದಾಗ ಬೀದಿಜಗಳ ಬೇಕಾದಷ್ಟು ನೋಡಿದ್ದೇವೆ, ಆಡಿದ್ದೇವೆ, ಆದರೆ ಜಗಳ ಆಡಿದವರಲ್ಲಿ ಒಬ್ಬನೂ ಮಾರನೇ ದಿನ ಪ್ರಾಕ್ಟೀಸಿಗೆ ಬರಲಿಲ್ಲ ಎಂದರು. ಪೆಟ್ಟು ತಿಂದವನು ಮಾರನೇ ದಿನವೂ ಬರಲಿ ಎಂದೇ ಮಾಡಿದ ನಿಯಮ ಅದು ಎಂದರು. ನನಗೆ ಅದು ನುಣುಚಿಕೊಳ್ಳುವ ಉತ್ತರ ಅನ್ನಿಸಿತು.

ಶನಿವಾರ ಬೆಳಿಗ್ಗೆ

ಹತ್ತು ಗಂಟೆ ಎಂದರೆ ಹತ್ತು ಗಂಟೆಗೇ ಶುರುವಾಯಿತು. ಗೋಡೆಗೆ ಒರಗಿ ನಲವತ್ತು ಜನ. ನಯಾಜ್‌ನ ಮಗಳು ಜೋಯಾ ಕಾಲೇಜಿನಿಂದ ಬಂದಿದ್ದಳು. ಸ್ಟಾಪ್‌ವಾಚ್ ಅವಳ ಕೈಯಲ್ಲಿ. ತಬಸ್ಸುಮ್ ಔಷಧಿಯ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಗಂಡನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಮೊದಲ ಆರು ಜನರ ಮುಂದೆ ನಯಾಜ್ ಚೆನ್ನಾಗಿಯೇ ಇದ್ದ. ಏಳನೆಯವನು ಅಗ್ನಿಶಾಮಕ ದಳದವನು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಕಳೆದ ಸಲ ನಯಾಜ್ ಬಿದ್ದದ್ದು ಇವನ ಎದುರೇ. ಅವನು ಹೊಡೆದ ಒಂದೊಂದು ಏಟಿಗೂ ಪಕ್ಕದ ಲಾಂಡ್ರಿಯ ಗೋಡೆ ಕೇಳಿಸಿಕೊಳ್ಳುವಂಥ ಸದ್ದು. ನಯಾಜ್ ಹಿಂದೆ ಸರಿಯಲಿಲ್ಲ. ತೊಂಬತ್ತು ಸೆಕೆಂಡು ಮುಗಿದಾಗ ಜೋಯಾ 'ಟೈಮ್' ಎಂದು ಕೂಗಿದ್ದರಲ್ಲಿ ಅಳು ಸೇರಿತ್ತು. ಎಂಟು ಮತ್ತು ಒಂಬತ್ತರಲ್ಲಿ ಅವನು ಬಲಗಾಲನ್ನು ಎಳೆಯುತ್ತಿದ್ದ. ಆಮೇಲೆ ನನ್ನ ಹೆಸರು ಕೂಗಿದರು.

ನನ್ನ ತಲೆಯಲ್ಲಿ ಒಂದು ಉಪಾಯ ಇತ್ತು. ಮೂರು ದಿನ ಯೋಚಿಸಿ ಮಾಡಿದ್ದು. ತಬಸ್ಸುಮ್‌ಗೆ ಮೆತ್ತಗೆ ಹೊಡೆಯುತ್ತೇನೆ ಎಂದಿದ್ದೆ, ನಯಾಜ್‌ಗೆ ಬಿಡುವುದಿಲ್ಲ ಎಂದಿದ್ದೆ. ಇಬ್ಬರಿಗೂ ಮೋಸವಾಗದಂಥ ಒಂದೇ ಹೊಡೆತ ನನಗೆ ಗೊತ್ತಿತ್ತು. ಪೂರ್ತಿ ವೇಗದಲ್ಲಿ ಮುಖಕ್ಕೆ ಒಂದು ಗುದ್ದು, ಮೂಗಿಗೆ ಒಂದಿಂಚು ದೂರದಲ್ಲಿ ನಿಲ್ಲಿಸುವುದು. ನೋಡಿದವರಿಗೆ ಎದೆ ನಡುಗಬೇಕು, ಅವನಿಗೆ ಗಾಳಿಯಷ್ಟೇ ತಾಗಬೇಕು. ತಾಗದ ಮೇಲೆ ನಿಯಮ ಮುರಿದಂತೆಯೂ ಅಲ್ಲ ಎಂದು ವಾದ ಕೂಡ ಸಿದ್ಧಮಾಡಿಟ್ಟಿದ್ದೆ. ಜೊತೆಗೆ, ನೋಡು, ನಿನ್ನ ಮುಖ ಎಷ್ಟು ಬಯಲಾಗಿತ್ತು ಎಂದು ಹಳೇ ಜಗಳದಲ್ಲಿ ಗೆದ್ದಂತೆಯೂ ಆಗುತ್ತದೆ. ಇಷ್ಟು ಲಾಭ ಒಂದೇ ಗುದ್ದಿನಲ್ಲಿ ಯಾರಿಗೆ ಸಿಗುತ್ತದೆ?

ನಮಸ್ಕಾರ ಮಾಡಿದೆವು. ಅವನು ಬಂದ. ಎದೆಗೆ ಎರಡು ಹೊಡೆದ, ಉಸಿರು ಹೋಯಿತು. ನಾನು ದೂರ ಸರಿದೆ, ಅಳತೆ ನೋಡಿದೆ, ಹೊಡೆದೆ. ನಲವತ್ತು ವರ್ಷದಲ್ಲಿ ನನ್ನ ಕೈ ಅಷ್ಟು ಚೆಂದವಾಗಿ ಹೋದದ್ದಿಲ್ಲ. ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು. ಆದರೆ ಹೊಡೆತ ಬರುತ್ತಿದ್ದರೆ ಒಳಗೆ ನುಗ್ಗುವುದು ಅವನ ಕರಾಟೆ. ಅವನು ಕೈ ಎತ್ತಲೂ ಇಲ್ಲ, ಕಣ್ಣು ಮಿಟುಕಿಸಲೂ ಇಲ್ಲ, ಒಂದು ಪೂರ್ತಿ ಹೆಜ್ಜೆ ಮುಂದೆ ಬಂದ. ನನ್ನ ಗೆಣ್ಣಿಗೆ ಅವನ ಮೂಗು ಸಿಕ್ಕಿದ್ದು ನನಗೆ ಗೊತ್ತಾಯಿತು.

ಮುಂದೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೊಡೆತ ತಾಗಿದ ಕೂಡಲೇ ನಾನು ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಂಡು, ಬೆನ್ನು ತಿರುಗಿಸಿ, ನಮ್ಮಲ್ಲಿ ಪಂದ್ಯ ಶುರುವಾಗುವ ಗೆರೆ ಇರುವ ಕಡೆ ನಡೆದುಬಿಟ್ಟೆ. ಪಾಯಿಂಟಿಗೆ ಬಾವುಟ ಏಳುವುದನ್ನು ಕಾಯುತ್ತಾ. ನಲವತ್ತು ವರ್ಷ ಹಾಗೆಯೇ ಮಾಡಿದ್ದ ಕಾಲು ಕೇಳಬೇಕಲ್ಲ. ಅಲ್ಲಿ ಬಾವುಟವಿರಲಿಲ್ಲ, ಗೆರೆಯೂ ಇರಲಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿದ್ದ ನಯಾಜ್ ಅವನ ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ನಿಲ್ಲದೆ ಬಂದು ನನ್ನ ತೊಡೆಗೆ ಒದ್ದ. ಬೀದಿಯಲ್ಲಾಗಿದ್ದರೆ ಅವನು ಮೊದಲ ಏಟಿಗೆ ಮಲಗುತ್ತಿದ್ದ, ನಾನು ಎರಡನೆಯದಕ್ಕೆ.

ಶಿಹಾನ್ ಕೈಯೆತ್ತಿ ನಿಲ್ಲಿಸಿದರು. ಜೋಯಾ ಗಡಿಯಾರ ನಿಲ್ಲಿಸಿದಳು. ಐವತ್ತು ಸೆಕೆಂಡು ಉಳಿದಿತ್ತು. ನಯಾಜ್‌ನ ಬಿಳಿ ಉಡುಪಿನ ಮೇಲೆ ರಕ್ತ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಫೋನಿನಲ್ಲಿ, ಮುಖಕ್ಕೆ ಹೊಡೆಯದೆ ಅದೆಂಥ ಜಗಳ ಎಂದು ಹಂಗಿಸಿದ್ದ ಬಾಯಿ ನನ್ನದೇ. ನನ್ನ ವಾದ ಗೆದ್ದಿತ್ತು. ಅಂಥ ಗೆಲುವು ಯಾವ ಶತ್ರುವಿಗೂ ಬೇಡ ಅನ್ನಿಸಿತು.

ಶಿಹಾನ್ ತೀರ್ಪು ಹೇಳಿದರು. ಮುಖಕ್ಕೆ ಹೊಡೆದದ್ದರಿಂದ ನಾನು ಔಟ್. ಹಾಗಾಗಿ ಹತ್ತನೆಯ ಸುತ್ತು ನಯಾಜ್‌ದೇ, ಪರೀಕ್ಷೆ ಮುಗಿಯಿತು. ಜನ ಚಪ್ಪಾಳೆ ಶುರುಮಾಡಿದರು. ನನಗೆ ಜೀವ ಬಂದಂತಾಯಿತು. ನಯಾಜ್ ಮಾತ್ರ ತಲೆಯಾಡಿಸಿ ಬೇಡವೆಂದ. ಹತ್ತನೆಯವನ ಮುಂದೆ ಪೂರ್ತಿ ನಿಲ್ಲದೆ ತಾನು ಆ ಜಾಗದಲ್ಲಿ ಕೂರುವುದಿಲ್ಲ, ಉಳಿದ ಐವತ್ತು ಸೆಕೆಂಡು ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದ. ಬಿದ್ದರೆ ಎಲ್ಲ ಹೋಯಿತು ಎಂದು ಶಿಹಾನ್ ನೆನಪಿಸಿದರು. ಗೊತ್ತು ಎಂದ.

ನಾನು ಕನ್ನಡದಲ್ಲಿ ಬೈದೆ. ಹುಚ್ಚು ನನ್ಮಗನೆ, ಕೈಗೆ ಬಂದಿದ್ದನ್ನ ತಗೊಳೋ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ತಬಸ್ಸುಮ್ ಎದ್ದುಬಂದಳು. ಮೂಗಿನ ದಿಂಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು, ಎರಡು ಹೊಳ್ಳೆಗೂ ಹತ್ತಿ ತುರುಕಿದಳು. ಇವಳಾದರೂ ನಿಲ್ಲಿಸುತ್ತಾಳೆ ಎಂದು ನಾನು ಅವಳ ಮುಖ ನೋಡುತ್ತಿದ್ದೆ.

"ಮುರಿದಿಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮಂಜಣ್ಣ, ಮೆತ್ತಗೆ ಅಂದಿದ್ದೆ ನಾನು. ಅದನ್ನ ಮರ್ತುಬಿಡಿ. ಸರಿಯಾಗಿ ಮುಗ್ಸಿ ಕೊಡಿ ಇವ್ರಿಗೆ."

ಮತ್ತೆ ಎದುರು ನಿಂತೆವು. ಈ ಸಲ ನಯಾಜ್‌ನ ಎಡಗೈ ಗದ್ದದ ಪಕ್ಕಕ್ಕೆ ಏರಿತ್ತು. ಮುಖ ಕಾಯ್ದುಕೊಂಡ ನಯಾಜ್‌ನನ್ನು ನಾನು ನೋಡಿದ್ದು ತಗಡಿನ ಶೆಡ್ಡಿನ ಕಾಲದ ನಂತರ ಅದೇ ಮೊದಲು. ನಾನು ಬಲಗೈ ಮುಷ್ಟಿ ಕಟ್ಟಿ ಅವನ ಎದೆಗೆ ಹೊಡೆದೆ. ನಿಲ್ಲಿಸಲಿಲ್ಲ. ನನ್ನ ಜೀವಮಾನದಲ್ಲಿ ಒಬ್ಬ ಮನುಷ್ಯನಿಗೆ ನಾನು ನಿಜವಾಗಿ ಹೊಡೆದ ಮೊದಲ ಗುದ್ದು ಅದು. ನೋವಾಯಿತೇನೋ ಎಂದು ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಪಕ್ಕೆಗೆ ಕೊಟ್ಟ. ನಾನು ಬೆನ್ನು ತಿರುಗಿಸಲಿಲ್ಲ. ಹೊಡೆದೆ, ಹೊಡೆಸಿಕೊಂಡೆ, ಹತ್ತಿರವೇ ನಿಂತೆ. ಅವನ ಮಂಡಿ ಎರಡು ಸಲ ಕುಸಿಯಿತು, ಎರಡು ಸಲವೂ ಅವನು ಅದನ್ನು ಎಳೆದು ನಿಲ್ಲಿಸಿದ. ಕೊನೆಯಲ್ಲಿ ಕ್ಯಾರನ್ ಒದ್ದ ಅದೇ ತೊಡೆಗೆ ಅವನು ಒದ್ದಾಗ ನನ್ನ ಕಾಲು ರಾಜೀನಾಮೆ ಕೊಟ್ಟಿತು. ನಾನು ನೆಲದ ಮೇಲೆ ಕೂತಿದ್ದಾಗ ಜೋಯಾ 'ಟೈಮ್' ಎಂದಳು. ನಯಾಜ್ ನಿಂತಿದ್ದ. ನನಗೆ ಅಳು ಬಂತು, ತೊಡೆಯ ನೋವಿಗೆ ಎಂದು ಎಲ್ಲರೂ ತಿಳಿದುಕೊಂಡರು.

ನೆಲ

ಶಿಹಾನ್ ಭಾಷಣ ಮಾಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ನಯಾಜ್‌ಗೆ ಕೊಟ್ಟರು. ಆಮೇಲೆ ನನ್ನ ಹತ್ತಿರ ಬಂದು ಒಂದು ಒದ್ದೆ ಬಟ್ಟೆ ಕೊಟ್ಟರು. ಮುಖಕ್ಕೆ ಹೊಡೆದು ರಕ್ತ ಬರಿಸಿದವನು ತಾನೇ ನೆಲ ಒರೆಸಬೇಕು, ಅತಿಥಿಗೂ ಅದೇ ಕಟ್ಟಳೆ ಎಂದರು. ಸಹಿ ಹಾಕಿದ ಫಾರಂನ ಮೂರನೇ ಪುಟದಲ್ಲಿ ಇತ್ತಂತೆ.

ಒರೆಸಲು ಕುಕ್ಕರುಗಾಲಲ್ಲಿ ಕೂರಬೇಕು. ನನ್ನ ಎಡಗಾಲು ಮಡಚುವುದಿಲ್ಲ ಎಂದಿತು. ಹಾಗಾಗಿ ಅಂಡೂರಿ ಕೂತು, ಕಾಲು ಚಾಚಿಕೊಂಡು, ಒಂದು ಹನಿಯಿಂದ ಇನ್ನೊಂದು ಹನಿಗೆ ತೆವಳಿಕೊಂಡು ಒರೆಸತೊಡಗಿದೆ. ಅಗ್ನಿಶಾಮಕ ದಳದವನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ನನಗೆ ನಗು ಬರಲಿಲ್ಲ. ತಲೆ ತಗ್ಗಿಸಿ ಒರೆಸುತ್ತಿದ್ದೆ.

ಪಕ್ಕದಲ್ಲಿ ಯಾರೋ ನರಳುತ್ತಾ ಕೂತ ಸದ್ದಾಯಿತು. ನಯಾಜ್. ಮೂಗಿನಲ್ಲಿ ಹತ್ತಿ, ಬಲಗಾಲು ಮುಂದಕ್ಕೆ ನೀಟಿಕೊಂಡು, ಅವನೂ ಅಂಡೂರಿ ಕೂತಿದ್ದ. ಕೈಯಲ್ಲಿ ಇನ್ನೊಂದು ಬಟ್ಟೆ. ಶಾಲೆಯ ಗುರುವಾಗಿ ಅವನಿಗೆ ಹತ್ತು ನಿಮಿಷ ಆಗಿತ್ತು. ಹೋಗೋ, ಇದು ನಂದು ಎಂದೆ. ಅವನು ಹೋಗಲಿಲ್ಲ. ಇಬ್ಬರೂ ಒರೆಸತೊಡಗಿದೆವು.

"ನಯಾಜ್, ಒಂದಿಂಚು ಮುಂಚೆ ನಿಲ್ಸ್ತೀನಿ ಅಂದ್ಕೊಂಡಿದ್ದೆ ಕಣೋ," ಎಂದೆ.

"ನೀನು ನಿಲ್ಸ್ದೆ ಕಣೋ. ಮುಂದೆ ಬಂದಿದ್ದು ನಾನು," ಎಂದ, ಮೂಗಿನಲ್ಲಿದ್ದ ಹತ್ತಿಯೊಳಗಿಂದ. ನನ್ನ ಕಾಲಿನ ಹಿಂದೆ ಉಳಿದಿದ್ದ ಒಂದು ಹನಿಯನ್ನು ಕೈ ಚಾಚಿ ಅವನೇ ಒರೆಸಿದ.